ಕೆಡವುವ ಹಗ್ಗ

"ಕಾಲ ಎತ್ತಿ ಹಿಡಿ," ಎಂದ ಖಲೀಲ.

ಸಲ್ಮಾನ ತಂದೆಯ ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದು ಹಲಗೆಯಿಂದ ಗೇಣುದ್ದ ಎತ್ತಿದ. ಖಲೀಲ ತಂಬಿಗೆಯಿಂದ ನೀರು ಬಿಟ್ಟ. ಹಿತ್ತಲಲ್ಲಿ ನಾಲ್ಕು ಗಳ ನೆಟ್ಟು ಸುತ್ತ ಚಾದರ ಕಟ್ಟಿದ್ದರು. ಅದರಾಚೆ ಝಳಕಿಯ ಹೆದ್ದಾರಿಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತ ಸೊಲ್ಲಾಪುರದ ಕಡೆ ಹೋಗುತ್ತಿದ್ದವು.

ಹಲಗೆಯ ಮೇಲಿದ್ದವನು ಜೈನುದ್ದೀನ ನಾಲಬಂದ, ನಲವತ್ತೆಂಟು ವರ್ಷದವನು. ಬೆಳಿಗ್ಗೆ ಏಳು ಗಂಟೆಗೆ ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ತಿನ ತುಂಡು ಗಂಟಲಿಗೆ ಸಿಕ್ಕಿ ಸತ್ತಿದ್ದ. ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಬಡಿಯುವುದು ಅಜ್ಜನ ಕಾಲದಿಂದಲೂ ಆ ಮನೆಯ ಕಸುಬು. ಹೆಸರಿನಲ್ಲೇ ಕಸುಬು ಇತ್ತು.

ಸಲ್ಮಾನನಿಗೆ ಕೈಯಲ್ಲಿದ್ದ ಕಾಲುಗಳು ಅಪರಿಚಿತವೆನಿಸಿದವು. ಏಳು ವರ್ಷದಿಂದ, ನಿದ್ದೆ ಹತ್ತಿದಾಗ ಬಿಟ್ಟರೆ, ಅವು ಒಂದು ಗಳಿಗೆ ಸುಮ್ಮನಿದ್ದದ್ದನ್ನು ಅವನು ನೋಡಿರಲಿಲ್ಲ.

"ಇದೇನೋ ಇದು?" ಖಲೀಲ ತಂಬಿಗೆ ಕೆಳಗಿಟ್ಟ. ಕಣಕಾಲಿನ ಸುತ್ತ ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು. ಎದೆಯ ಮೇಲೂ ಅಂಥದೇ ಒಂದು ಪಟ್ಟಿ.

"ಹಗ್ಗದ್ದು."

"ಎತ್ತು ಕೆಡವೂ ಹಗ್ಗಾನಾ? ಹೆತ್ತ ತಂದೀಗಿ ಎತ್ತಿಗೆ ಕಟ್ಟಿದಂಗ ಕಟ್ಟೀಯಲ್ಲೋ!"

"ನನಗ ಬ್ಯಾರೆ ಗಂಟು ಬರೂದಿಲ್ಲ, ಕಾಕಾ."

ಖಲೀಲ ಸತ್ತವನ ತಮ್ಮ. ಇಂಡಿಯಲ್ಲಿ ಟೈರ್ ಪಂಕ್ಚರ್ ಅಂಗಡಿ ಇಟ್ಟಿದ್ದ. ಅಣ್ಣನ ಮನೆಗೆ ಹಬ್ಬಕ್ಕೊಮ್ಮೆ ಬಂದು, ಹೊಸ್ತಿಲ ಹತ್ತಿರವೇ ಕೂತು, ಚಹಾ ಆರುವ ಮೊದಲೇ ಎದ್ದು ಹೋಗುವವನು. ಮೂವರು ಹೆಣ್ಣುಮಕ್ಕಳು. ದೊಡ್ಡವಳಾದ ಮುಬಿನಾಳ ಸಂಬಂಧ ಮುದ್ದೇಬಿಹಾಳದಲ್ಲಿ ಗಟ್ಟಿಯಾಗಿ ಹದಿನೈದು ದಿನವಾಗಿತ್ತು.

"ಕಿವಿಗೊಟ್ಟು ಕೇಳು," ಅವನು ದನಿ ತಗ್ಗಿಸಿದ. "ಮುದ್ದೇಬಿಹಾಳದ ಅಕ್ರಮಭಾಯಿ ಹೊರಗ ಬಂದು ಕುಂತಾನ. ನನ್ನ ಬೀಗ ಆಗೂವವ. ನೀ ಖಬರಸ್ತಾನದಾಗ ಎದ್ದು ನಿಂತು, ನಮ್ಮ ಅಬ್ಬಾನಿಂದ ಯಾರಿಗರೆ ನೋವಾಗಿದ್ರ ಅಲ್ಲಾನ ವಾಸ್ತೆ ಮಾಫ್ ಮಾಡ್ರಿ ಅಂತಿ. ಅಷ್ಟ ಅನ್ನು. ಆ ಒಕ್ಕಣ್ಣಿನ ಭೀಮುನೂ ಬಂದಾನಂತ. ಅಂವ ಬಾಯಿ ತಗದ್ರ, ಹೌದ್ರಿ, ನಮ್ಮ ಅಬ್ಬಾ ಆವತ್ತು ಕುಡದಿದ್ದಾ ಅನ್ನು. ಮುಗೀತು."

"ಅಬ್ಬಾ ಜನ್ಮದಾಗ ಹನಿ ಮುಟ್ಟಿದವರಲ್ಲ."

"ನನಗ ಗೊತ್ತಿಲ್ಲೇನು? ಊರು ಅವಗ ಕುಡಕ ಅಂತೈತಿ. ಅನ್ನಲಿ. ಸತ್ತವಗ ಏನ ಹೋಗೂದೈತಿ? ಆ ರೋಗದ ಹೆಸರು ತಗದ್ರ ನನ್ನ ಮೂರು ಹುಡುಗ್ಯಾರು, ನಿನ್ನ ತಂಗಿ, ನೀನು, ಎಲ್ಲಾರೂ ಮುಗದ್ವಿ."

ಮನುಷ್ಯ ಮನುಷ್ಯನಿಗೆ ಕೊಟ್ಟ ನೋವನ್ನು ನೊಂದವನೇ ಮಾಫ್ ಮಾಡಬೇಕು, ಅವನ ಪರವಾಗಿ ಅಲ್ಲಾ ಕೂಡ ಮಾಡುವುದಿಲ್ಲ ಎಂದು ಆ ಮನೆಯಲ್ಲಿ ಎಲ್ಲರೂ ನಂಬಿದ್ದರು. ಭೀಮು 'ಮಾಫ್' ಅನ್ನದೆ ಅಬ್ಬಾ ಮಣ್ಣಿಗೆ ಹೋಗುವಂತಿರಲಿಲ್ಲ.

"ಕಾಲ ಬಿಡು," ಎಂದ ಖಲೀಲ. "ಇನ್ನ ಅವು ಎಲ್ಲೂ ಹೋಗೂದಿಲ್ಲ."

*

ಆರು ವರ್ಷದ ಹಿಂದೆ, ಕಬ್ಬಿನ ಹಂಗಾಮು. ಹೆದ್ದಾರಿಯ ಪಕ್ಕದ ಹುಣಸೆ ಮರದ ಕೆಳಗೆ ನಸುಕಿನಿಂದಲೇ ಚಕ್ಕಡಿಗಳು ಸಾಲುಗಟ್ಟಿದ್ದವು. ಡಾಂಬರಿನ ಮೇಲೆ ಟನ್ನುಗಟ್ಟಲೆ ಕಬ್ಬು ಎಳೆಯುವ ಎತ್ತಿಗೆ ನಾಲಿಲ್ಲದಿದ್ದರೆ ವಾರದಲ್ಲಿ ಗೊರಸು ಸವೆದು ರಕ್ತ ಬರುತ್ತದೆ. ನಾಲು ಬಡಿಯಬೇಕೆಂದರೆ ಎತ್ತನ್ನು ಕೆಡವಬೇಕು. ಕೊರಳಿಗೊಂದು ಸುತ್ತು, ಎದೆಗೊಂದು, ಹೊಟ್ಟೆಗೊಂದು. ಹಿಂದಿನಿಂದ ಹದವಾಗಿ ಜಗ್ಗಿದರೆ ಎಂಥ ಸೊಕ್ಕಿನ ಹೋರಿಯೂ ತಾನಾಗಿ ಮೊಣಕಾಲೂರಿ ಮಗ್ಗುಲಾಗುತ್ತದೆ. ಬೀಳುವುದಿಲ್ಲ, ಮಲಗುತ್ತದೆ. ಆ ಹದ ಜೈನುದ್ದೀನನಿಗೆ ಗೊತ್ತಿದ್ದಷ್ಟು ಇಂಡಿ ತಾಲೂಕಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎತ್ತುಗಳಿಗೆ ಅವನು 'ಬೀಗರೇ' ಅನ್ನುತ್ತಿದ್ದ.

"ಬರ್ರಿ ಬೀಗರೇ, ಮಲಗ್ರಿ. ಹೊಸಾ ಚಪ್ಪಲಿ ತಂದೀನಿ. ಸಾಕಾಗಲಿಲ್ಲಂದ್ರ ನಿಮ್ಮ ಮಾಲಕನ ಬೂಟ ಬಿಚ್ಚಿಸಿ ಹಾಕ್ತೇನಿ."

ಸಾಲಿನಲ್ಲಿ ನಿಂತ ರೈತರು ನಗುತ್ತಿದ್ದರು. ಆದರೆ ಒಂದು ವರ್ಷದಿಂದ ಅವನ ಕೈಯಿಂದ ಕಪ್ಪು-ಬಸಿ ಜಾರಿ ಬೀಳುತ್ತಿದ್ದವು. ನಡೆಯುವಾಗ ಕಾಲು ಎಲ್ಲೋ ಇಟ್ಟು ಎಲ್ಲೋ ಬೀಳುತ್ತಿತ್ತು. ಊರಿನವರು ಮುಸಿಮುಸಿ ನಕ್ಕು, ಅಪ್ಪನ ಚಟ ಮಗನಿಗೂ ಹತ್ತಿತು ಅಂದುಕೊಂಡರು. ಅವನ ಅಪ್ಪನೂ ಹೀಗೇ ತೂರಾಡಿ, ಹೆಂಡತಿಯನ್ನು ಬಡಿದು, ಕಡೆಗೆ ಬಾವಿಗೆ ಬಿದ್ದು ಸತ್ತವನು.

ಆವತ್ತು ಭೀಮುನ ಎತ್ತು ಮಲಗಿತ್ತು. ಸಲ್ಮಾನ ಹಗ್ಗ ಹಿಡಿದು ಕೂತಿದ್ದ. ಮೊಳೆ ಓರೆಯಾಗಿ ಗೊರಸಿನೊಳಗಿನ ಹಸಿ ಮಾಂಸಕ್ಕೆ ಇಳಿಯಿತು. ಎತ್ತು ಒದರಿತು. ರಕ್ತ ಚಿಮ್ಮಿ ಜೈನುದ್ದೀನನ ಗಡ್ಡಕ್ಕೆ ಬಿತ್ತು.

"ಮುಂಜಾನೇದ್ದ ಏರಿಸಿಯೇನಲೇ ಜೈನೂ?" ಎಂದ ಭೀಮು, ಬಗ್ಗಿ ಎತ್ತಿನ ಕಾಲು ನೋಡುತ್ತ.

ಸುತ್ತಿಗೆ ಬೀಸಿದ್ದನ್ನು ಸಲ್ಮಾನ ನೋಡಲಿಲ್ಲ. ಬಿದ್ದ ಸದ್ದು ಕೇಳಿದ. ಭೀಮು ಎರಡೂ ಕೈಯಿಂದ ಎಡಗಣ್ಣು ಮುಚ್ಚಿಕೊಂಡು ಕೂತುಬಿಟ್ಟ. ಬೆರಳುಗಳ ಸಂದಿಯಿಂದ ರಕ್ತವಲ್ಲದ ಇನ್ನೇನೋ ಇಳಿಯುತ್ತಿತ್ತು. ಎರಡನೆಯ ಏಟು ಭುಜಕ್ಕೆ ಬಿತ್ತು. ಮೂರನೆಯದು ನೆಲಕ್ಕೆ, ಯಾಕೆಂದರೆ ಅಷ್ಟರಲ್ಲಿ ಆರು ಮಂದಿ ಜೈನುದ್ದೀನನ ಮೇಲೆ ಬಿದ್ದಿದ್ದರು. ಅವರಲ್ಲೊಬ್ಬನ ಕಿವಿಯನ್ನು ಅವನು ಕಚ್ಚಿ ಹರಿದ. ಬಾರುಕೋಲು, ಚಪ್ಪಲಿ, ಕೈಗೆ ಸಿಕ್ಕಿದ್ದರಿಂದ ಅವನನ್ನು ಬಡಿದರು. ಸಲ್ಮಾನ ಬಿಡಿಸಲು ಹೋಗಿ ತಾನೂ ತಿಂದ.

ಮರೆಯಲಾಗದ್ದು ಅದಲ್ಲ. ಭೀಮುನನ್ನು ಜೀಪಿನಲ್ಲಿ ಹಾಕಿಕೊಂಡು ಹೋದ ಮೇಲೆ ಜೈನುದ್ದೀನ ಎದ್ದು ಬಾಯಿ ಒರೆಸಿಕೊಂಡು ಮತ್ತೆ ಎತ್ತಿನ ಹತ್ತಿರ ಕೂತ. ಓರೆ ಮೊಳೆ ಕಿತ್ತು, ಅರಿಸಿನ ತುಂಬಿ, ಉಳಿದ ಕಾಲುಗಳಿಗೆ ನಾಲು ಬಡಿಯತೊಡಗಿದ.

"ಅಬ್ಬಾ, ಏನ ಮಾಡಾಕತ್ತೀರಿ?"

"ಕಟ್ಟಿ ಕೆಡವೀವಲ್ಲೋ. ಪಾಪ, ಅರ್ಧಾಕ್ಕ ಬಿಟ್ರ ಹೆಂಗ ನಡೀತೈತಿ?"

ಪಂಚರು ಕೂತು ಠಾಣೆಗೆ ಹೋಗದಂತೆ ಬಗೆಹರಿಸಿದರು. ಅಂದಿನಿಂದ ಭೀಮು ಕಪ್ಪು ಕನ್ನಡಕ ಹಾಕಿಕೊಂಡ. ತನ್ನ ಎತ್ತುಗಳನ್ನು ನಾಲಬಂದನ ಹುಣಸೆ ಮರದ ಮುಂದಿನಿಂದಲೇ ಹೊಡೆದುಕೊಂಡು, ಬೇಕೆಂತಲೇ ನಿಧಾನವಾಗಿ, ನಾಲು ಬಡಿಸಲು ಹೊರ್ತಿ ಊರಿಗೆ ಹೋಗುತ್ತಿದ್ದ.

*

ಕಫನ ಸುತ್ತಿ ಮುಖವೊಂದನ್ನು ತೆರೆದಿಟ್ಟು ಪಡಸಾಲೆಗೆ ತಂದರು. ಹೆಂಗಸರು ಸರಿದು ಜಾಗ ಬಿಟ್ಟರು.

"ಎಷ್ಟು ಶಾಂತ ಐತಿ ನೋಡವ್ವಾ ಮಾರಿ," ಎಂದಳು ನೆರೆಮನೆಯ ಸುಂದರವ್ವ. "ನನ್ನ ಹೋರಿ ಇವರ ದನಿ ಕೇಳಿದ್ರ ಸಾಕು, ಮಲಗಿಬಿಡ್ತಿತ್ತು."

"ಮಾರಿ ಶಾಂತ ಇದ್ದೇನ ಮಾಡೂದೈತಿ?" ಖಲೀಲನ ಹೆಂಡತಿ ಅಬಿದಾ ಮೆಲ್ಲಗೆ ಅಂದಳು. "ಜೋಹರಾಬಿ ಅಕ್ಕನ ಕೈ ನೋಡ್ರಿ."

ಜೋಹರಾಬಿಯ ಎಡಗೈ ಮಣಿಕಟ್ಟಿನ ಹತ್ತಿರ ಸೊಟ್ಟ ಕೂಡಿತ್ತು. ನಾಲ್ಕು ವರ್ಷದ ಹಿಂದೆ, ಪಲ್ಯದಲ್ಲಿ ಉಪ್ಪು ಕಡಿಮೆಯಾಗಿತ್ತು. ಜೈನುದ್ದೀನ ಆ ಕೈಯನ್ನು ಬಾಗಿಲಿನ ಸಂದಿಯಲ್ಲಿಟ್ಟು ಬಾಗಿಲು ಒದ್ದಿದ್ದ. ಅವಳು ಈಗ ಅದೇ ಕೈಯಿಂದ ಗಂಡನ ಹಣೆಯ ಮೇಲಿನ ಹತ್ತಿಯ ಎಳೆ ತೆಗೆಯುತ್ತಿದ್ದಳು.

"ಮಾಫ್ ಮಾಡೇನಿ ಅನ್ನು ಜೋಹರಾ," ಎಂದಳು ವಯಸ್ಸಾದ ಸೋದರತ್ತೆ. "ಗಂಡ ಅದಾನ. ಏನ ಮಾಡಿದ್ರೂ ಮಾಫ್ ಅನ್ನು. ಹೊತ್ತಾತು."

ಜೋಹರಾಬಿ ಹತ್ತಿಯ ಇನ್ನೊಂದು ಎಳೆ ಹೆಕ್ಕಿದಳು.

"ಅನ್ನವ್ವಾ!"

"ಏನಂತ ಮಾಫ್ ಮಾಡ್ಲಿ, ಪುಪ್ಪು? ರೋಗ ಅಂತ ಡಾಕ್ಟರ್ ಹೇಳೂದಕಿಂತ ಮೊದಲ ನಾ ದಿನಾ ಇವರ ಸಾವು ಬೇಡಿದಾಕಿ. ಹುಡುಗ ಕಟ್ಟಿ ಹಾಕಿ ಹೊರಗ ಹೋದ ಮ್ಯಾಲೆ, ಅಡಗಿ ಮನ್ಯಾಗಿನ ಕಟ್ಟಿಗಿ ಹುಟ್ಟು ತಗೊಂಡು ಹೊಡದೀನಿ ನಾ. ಕೈಕಾಲು ಕಟ್ಟಿದ್ವು. ಬಾಯಿ ಮುಚ್ಚಿಕೊಂಡು ನನ್ನ ನೋಡ್ತಿದ್ರು." ಅವಳು ಗಂಡನ ಕಿವಿಯ ಹತ್ತಿರ ಬಗ್ಗಿದಳು. "ನೀವ ನನಗ ಮಾಫ್ ಮಾಡ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. 'ರೋಗ' ಎಂಬ ಮಾತು ಕೇಳಿದ್ದೇ ಅಬಿದಾ ಎದ್ದು ಬಾಗಿಲಲ್ಲಿ ಹಣಿಕಿ, ಮುದ್ದೇಬಿಹಾಳದ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಯಾರೂ ಬಂದಿರಲಿಲ್ಲ.

ಸಲ್ಮಾನ ಅಡುಗೆಮನೆಗೆ ನೀರು ಕುಡಿಯಲು ಹೋದಾಗ ತಂಗಿ ಹುಮಾ ಅಲ್ಲಿ ಗೋಡೆಗೊರಗಿ ನಿಂತಿದ್ದಳು. ವಿಜಯಪುರದಲ್ಲಿ ನರ್ಸಿಂಗ್ ಓದುವವಳು. ಎರಡು ವರ್ಷದ ಹಿಂದೆ ಅಪ್ಪನನ್ನು ಹಟ ಹಿಡಿದು ದವಾಖಾನೆಗೆ ಒಯ್ದವಳೂ ಅವಳೇ.

"ಕಾಕಾ ಕುಡದಿದ್ದಾ ಅನ್ನು ಅಂದ್ರಾ?"

"ಹೂಂ."

"ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ ಭಾಯಿ. ನನ್ನ ಮಾಡಿಕೊಳ್ಳವ ಗೊತ್ತಿದ್ದ ಮಾಡಿಕೊಳ್ಳಲಿ, ಇಲ್ಲಂದ್ರ ಬಿಡಲಿ." ಅವಳು ಮೂಗು ಒರೆಸಿಕೊಂಡಳು. "ಮುಬಿನಾಂದು ಮಾತ್ರ ನಾ ಏನೂ ಹೇಳಾಕ ಬರೂದಿಲ್ಲ. ಆಕಿ ನಿನ್ನೆ ಫೋನಿನಾಗ ಬಳಿ ಯಾವ ಬಣ್ಣದ್ದು ತಗೊಳ್ಳಿ ಅಂತ ಕೇಳಾಕತ್ತಿದ್ಲು."

*

ಮೊದಲ ಸಲ ಕೆಡವಿದ್ದು ಮೂರು ವರ್ಷದ ಹಿಂದೆ, ನಡುಹಗಲು.

ಜೈನುದ್ದೀನ ಕೊಡಲಿ ಹಿಡಿದು ಹೆಂಡತಿಯನ್ನು ಅಂಗಳದ ತುಂಬ ಓಡಿಸುತ್ತಿದ್ದ. ಕಾರಣವೇನೋ ಇತ್ತು, ಸಣ್ಣದು, ಎಂದಿನಂತೆ. ಅವಳು ಕಟ್ಟಿಗೆ ರಾಶಿಗೆ ಎಡವಿ ಬಿದ್ದಳು. ಕೊಡಲಿ ಅವಳ ತಲೆಯ ಪಕ್ಕದ ಬೊಡ್ಡೆಗೆ ನೆಟ್ಟಿತು. ಅವನು ಕಿತ್ತುಕೊಳ್ಳುವಷ್ಟರಲ್ಲಿ ಸಲ್ಮಾನ ಹಿಂದಿನಿಂದ ಹಗ್ಗ ಎಸೆದ. ಯೋಚಿಸಿ ಮಾಡಿದ್ದಲ್ಲ. ಹನ್ನೆರಡು ವರ್ಷದವನಿದ್ದಾಗಿನಿಂದ ಅಪ್ಪನೇ ಕಲಿಸಿದ ಕೈ ಅದು. ಎದೆಗೊಂದು ಸುತ್ತು, ನಡುವಿಗೊಂದು, ಕಾಲಿಗೊಂದು; ಹದವಾಗಿ ಜಗ್ಗಿದ. ಅಪ್ಪ ಮೊಣಕಾಲೂರಿದ, ಮಗ್ಗುಲಾದ. ಕೊಡಲಿ ಕೈಯಿಂದ ಜಾರಿತು. ಸಲ್ಮಾನ ಕೈಕಾಲು ಕೂಡಿಸಿ ಗಂಟು ಹಾಕಿ, ಅಪ್ಪನ ಪಕ್ಕೆಯ ಮೇಲೆ ಮೊಣಕಾಲಿಟ್ಟು ಕೂತ. ಬೇಲಿಯ ಹೊರಗೆ ಅರ್ಧ ಊರು ನಿಂತಿತ್ತು. ಯಾರೋ ಸೀಟಿ ಹೊಡೆದರು.

ಕಟ್ಟಿಸಿಕೊಂಡವನು ಒದ್ದಾಡಿ ಒದ್ದಾಡಿ ಸುಸ್ತಾಗಿ, ಮಣ್ಣಲ್ಲಿ ಕೆನ್ನೆಯೂರಿ, ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಗಂಟು ಚಲೋ ಬಿದ್ದೈತಿ," ಎಂದ.

ಮರುವರ್ಷ ಹುಮಾ ಹಟ ಹಿಡಿದಳು. ವಿಜಯಪುರದ ಡಾಕ್ಟರು ಅವನನ್ನು ನಡೆಸಿ ನೋಡಿದರು, ನಾಲಿಗೆ ಚಾಚಿಸಿದರು, ಅವನ ಬೆರಳುಗಳನ್ನೇ ಬಹಳ ಹೊತ್ತು ನೋಡುತ್ತ ಕೂತರು. ರಕ್ತ ತೆಗೆದು ದೂರದ ಊರಿಗೆ ಕಳಿಸಿದರು. ಒಂದು ತಿಂಗಳ ಮೇಲೆ ಕರೆದು ಬಾಗಿಲು ಮುಚ್ಚಿಸಿದರು.

"ಇವರ ತಂದಿ ಹೆಂಗಿದ್ರು?"

"ಕುಡಕ ಅಂತಿದ್ರು ಮಂದಿ," ಎಂದಳು ಹುಮಾ.

"ಕುಡೀತಿದ್ರೇನು?"

"ಇಲ್ರಿ. ಒಂದು ರೋಜಾ ಬಿಟ್ಟವರಲ್ಲ."

"ಅವರೂ ಕುಡಕ ಅಲ್ಲ, ಇವರೂ ಅಲ್ಲ." ಡಾಕ್ಟರು ಕಾಗದವೊಂದರ ಮೇಲೆ ಒಂದೇ ಮಾತನ್ನು ಸಾಲಾಗಿ ಬರೆಯತೊಡಗಿದರು. "ಮನಷ್ಯಾ ಹೆಂಗಿರಬೇಕು ಅಂತ ನಮ್ಮ ಮೈಯಾಗ ಒಂದು ಬರಹ ಇರತೈತಿ. ಅಪ್ಪ-ಅವ್ವನಿಂದ ಬರೂದು. ಅದರಾಗ ಒಂದು ಕಡೆ ಒಂದ ಮಾತು ಹಿಂಗ ಮತ್ತ ಮತ್ತ ಬರದಿರತೈತಿ. ಇಪ್ಪತ್ತು ಸಲ ಇದ್ರ ಚಿಂತಿ ಇಲ್ಲ. ಇವರಿಗೆ ನಲವತ್ತೈದು ಸಲ ಐತಿ. ಅದರಿಂದ ಮೆದುಳಿನ ಒಂದು ಭಾಗ ನಿಧಾನಕ ಸವೀತೈತಿ. ಕೈಕಾಲು ಕುಣಿಯೂದು ಅದರಿಂದ. ಸಿಟ್ಟೂ ಅದರಿಂದ. ಸಿಟ್ಟು ಎಲ್ಲಾರಿಗೂ ಬರತೈತಿ. ಇವರಿಗೆ ಮೂಗದಾಣ ಹರದೈತಿ, ಅಷ್ಟ."

ಮೂಗುದಾರದ ಮಾತು ಬಂದಾಗ ಮಾತ್ರ ಜೈನುದ್ದೀನ ತಲೆಯೆತ್ತಿದ.

"ಮತ್ತ ಭೀಮುಗ ನಾ ಹೊಡದದ್ದಲ್ಲೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಕೈ ನಿಮ್ಮದ. ಆ ಕೈ ತಡಿಯೂ ಶಕ್ತಿ ನಿಮ್ಮಲ್ಲಿ ಉಳದಿದ್ದಿಲ್ಲ."

ಔಷಧ ಬರೆದುಕೊಟ್ಟರು. ಸಿಟ್ಟು ಸ್ವಲ್ಪ ಇಳಿಯುತ್ತದೆ, ರೋಗ ವಾಸಿಯಾಗುವುದಿಲ್ಲ ಎಂದರು. ಕಡೆಗೆ ಅಣ್ಣ-ತಂಗಿಯ ಕಡೆ ನೋಡಿ, ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು, ಎರಡಕ್ಕೂ ಸಮಸಮ. ಬೇಕಿದ್ದರೆ ಪರೀಕ್ಷೆಗೆ ರಕ್ತ ಕೊಡಿ, ಬೇಡವಾದರೆ ಬಿಡಿ, ಯಾರೂ ಒತ್ತಾಯ ಮಾಡುವಂತಿಲ್ಲ ಎಂದರು. ಇಬ್ಬರೂ ಕೊಡಲಿಲ್ಲ. ಅಂದಿನಿಂದ ಸಲ್ಮಾನನಿಗೆ ಒಂದು ಹೊಸ ಕಾಟ ಶುರುವಾಯಿತು. ಗಿರಾಕಿಯ ಮೇಲೆ, ನಾಯಿಯ ಮೇಲೆ, ಬಾರದ ಬಸ್ಸಿನ ಮೇಲೆ ಸಿಟ್ಟು ಬಂದಾಗಲೆಲ್ಲ ಇದು ತನ್ನದೋ, ಅಪ್ಪನದೋ, ತಾನು ನೋಡಿರದ ಅಜ್ಜನದೋ ಎಂದು ಒಳಗೆ ಹಣಿಕಿ ನೋಡುವುದು.

ಬಸ್ಸಿನಲ್ಲಿ ಮರಳುವಾಗ ಅಪ್ಪ ಕಿಟಕಿಯ ಹೊರಗಿನ ನಿಂಬೆ ತೋಟಗಳನ್ನು ನೋಡುತ್ತ ಹೇಳಿದ: "ಇನ್ನ ಮ್ಯಾಲೆ ನಾನ ಹೇಳ್ತೇನಿ. ಒಳಗ ಕಾಯಾಕ ಹತ್ತಿದ್ರ ನನಗ ಗೊತ್ತಾಗತೈತಿ. ಆಗ ಕೆಡವಿಬಿಡು."

ಹಾಗೇ ನಡೆಯಿತು. ಅವನೇ ಹಗ್ಗ ತಂದು ಮಗನ ಮುಂದೆ ಹಾಕಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಕೆಲವು ಸಲ ತರುವಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ. ಆಗ ಏಟು ಬೀಳುತ್ತಿದ್ದವು. ಸಲ್ಮಾನನ ಮುಂದಿನ ಹಲ್ಲೊಂದು ಹಾಗೆ ಹೋಯಿತು. ತಂದ ದಿನಗಳಲ್ಲಿ ಮಾತ್ರ, ನೆಲಕ್ಕೆ ಮಗ್ಗುಲಾಗುವ ಮೊದಲು ಅಪ್ಪ ತೊದಲುತ್ತಿದ್ದ.

"ಬೀಗರೇ ಅನ್ನಲೇ. ಎತ್ತಿಗಿದ್ದ ಮರ್ಯಾದಿ ನನಗಿಲ್ಲೇನು?"

"ಮಲಗ್ರಿ ಬೀಗರೇ," ಅನ್ನುತ್ತಿದ್ದ ಸಲ್ಮಾನ, ಹಗ್ಗ ಜಗ್ಗುತ್ತ.

*

ಖಬರಸ್ತಾನದ ಮುಂದಿನ ಬಯಲಿನಲ್ಲಿ ಜನಾಜಾ ಇಳಿಸಿದರು. ಹಿಂದೆ ಮೂರು ಸಾಲು ನಿಂತವು. ಬದಿಗೆ, ಬೇವಿನ ನೆರಳಲ್ಲಿ, ಎತ್ತು ಸಾಕಿದ ರೈತರು ಟೋಪಿ-ರುಮಾಲು ಸರಿಮಾಡಿಕೊಳ್ಳುತ್ತ ನಿಂತಿದ್ದರು. ಅವರ ನಡುವೆ ಕಪ್ಪು ಕನ್ನಡಕದ ಭೀಮು.

"ಮಯ್ಯತದ ವಾರಸದಾರ ಯಾರು? ಮುಂದ ಬರ್ರಿ," ಎಂದರು ಮೌಲಾನಾ.

ಸಲ್ಮಾನ ಬಂದು ನಿಂತ. ಖಲೀಲ ಅವನ ಪಕ್ಕದಲ್ಲೇ ನಿಂತು ಮೊಣಕೈ ಹಿಡಿದುಕೊಂಡ.

"ನಮ್ಮ ಅಬ್ಬಾನಿಂದ ಯಾರಿಗರೆ ನೋವಾಗಿದ್ರ, ಅಲ್ಲಾನ ವಾಸ್ತೆ ಮಾಫ್ ಮಾಡ್ರಿ."

"ಮಾಫ್, ಮಾಫ್," ಎಂದು ಸಾಲುಗಳಲ್ಲಿ ಗುಜುಗುಜು ಎದ್ದಿತು. ಮೌಲಾನಾ ತಿರುಗಿ ನಿಲ್ಲುವಷ್ಟರಲ್ಲಿ ಬೇವಿನ ಕೆಳಗಿನಿಂದ ದನಿ ಬಂತು.

"ನಂದೈತಿ."

ಭೀಮು ಬಿಸಿಲಿಗೆ ಬಂದು ಕನ್ನಡಕ ತೆಗೆದ. ಎಡಗಣ್ಣಿನ ಜಾಗದಲ್ಲಿ ಚರ್ಮ ಒಳಗೆ ಸೇದಿಕೊಂಡಿತ್ತು. ಮೊದಲ ಸಾಲಿನಲ್ಲಿದ್ದ ಮುದ್ದೇಬಿಹಾಳದ ಅಕ್ರಮ ಮುಖ ಆಚೆ ತಿರುಗಿಸಿದ.

"ಅಡ್ಡಿ ಮಾಡಾಕ ಬಂದಿಲ್ರಿ ಮೌಲಾನಾ. ಮಣ್ಣು ಹಾಕಾಕ ಬಂದೀನಿ. ಇಂವನ ಕೈಯಾಗ ನನ್ನ ಎತ್ತು ಹತ್ತು ವರ್ಷ ನಡದಾವ. ಒಂದ ಮಾತು ಬೇಕು ನನಗ. ಸಲ್ಮಾನ, ನಿಮ್ಮಪ್ಪ ಆವತ್ತು ಕುಡದಿದ್ದಾ ಅಂತ ನಿನ್ನ ಬಾಯಿಲೆ ಹೇಳು. ಕುಡದ ಮನಷ್ಯಾಗ ಖಬರ ಇರೂದಿಲ್ಲ. ಹೇಳು, ಈಗಿಂದೀಗ ಮಾಫ್ ಮಾಡ್ತೇನಿ. ಕುಡದಿದ್ದಿಲ್ಲಂದ್ರ, ಎಚ್ಚರಿದ್ದ ನನ್ನ ಕಣ್ಣು ತಗದಾನ. ಅದಕ್ಕ ಮಾಫಿ ಇಲ್ಲ."

ಖಲೀಲನ ಬೆರಳು ಮೊಣಕೈಯೊಳಗೆ ನಾಟಿದವು. "ಹೌದನ್ನು," ಎಂದ ಕಿವಿಯಲ್ಲಿ. "ಒಂದ ಮಾತು. ಹೌದನ್ನು."

ಸಲ್ಮಾನ ಬಾಯಿ ತೆರೆದ. ಹೇಳಿಬಿಟ್ಟರೆ ಎಷ್ಟು ಸುಲಭ! ಭೀಮುನಿಗೂ ಅದೇ ಬೇಕಾಗಿತ್ತು, ಊರಿಗೂ ಅದೇ ಗೊತ್ತಿತ್ತು. ಮೂರಡಿ ದೂರದಲ್ಲಿ ಬಿಳಿಯ ಬಟ್ಟೆಯೊಳಗೆ ಅಪ್ಪ ಮಲಗಿದ್ದ. ಅವನ ಅಪ್ಪನನ್ನೂ ಇದೇ ಖಬರಸ್ತಾನಕ್ಕೆ ಕುಡುಕನೆಂದೇ ಒಯ್ದಿದ್ದರು.

"ಕುಡದಿದ್ದಿಲ್ಲ," ಎಂದ. "ನಮ್ಮ ಅಬ್ಬಾಗ ತಲೀ ರೋಗ ಇತ್ತು. ಅಜ್ಜಾಗೂ ಅದ ಇತ್ತು. ರಕ್ತದಾಗ ಬರೂದು. ಕೈಕಾಲು ಕುಣಿಯೂದು, ಸಿಟ್ಟು, ಎಲ್ಲಾ—"

ಖಲೀಲನ ಏಟು ಕಪಾಳಕ್ಕೆ ಬಿತ್ತು. ಟೋಪಿ ಹಾರಿ ಜನಾಜಾದ ಕಾಲ ಹತ್ತಿರ ಬಿತ್ತು. ಎರಡನೆಯದು ಬಾಯಿಗೆ. ಖಲೀಲ ಅವನ ಅಂಗಿ ಹಿಡಿದು ಎಳೆದ, ಗುಂಡಿ ಕಿತ್ತವು, ಇಬ್ಬರೂ ನೆಲಕ್ಕೆ ಉರುಳಿದರು. ಖಲೀಲ ಮೇಲೆ ಕೂತು ಬಡಿಯುತ್ತಿದ್ದ. "ಮುಚ್ಚು ಬಾಯಿ! ಮುಚ್ಚು! ನನ್ನ ಮಕ್ಕಳನ್ನ ತಿಂದೆಲ್ಲೋ!" ಸಲ್ಮಾನನ ಕೈಗೆ ಕಲ್ಲೊಂದು ಸಿಕ್ಕಿತು. ಮುಷ್ಟಿಯಷ್ಟು ದೊಡ್ಡದು. ಸಿಟ್ಟು ಹೊಟ್ಟೆಯಿಂದ ಎದ್ದು ಭುಜಕ್ಕೆ ಬಂತು, ಮೊಣಕೈಗೆ ಬಂತು. ಕಾಕಾನ ಕಣ್ಣು ಗೇಣು ದೂರದಲ್ಲಿತ್ತು. ಅವನು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ನಿಂತಿದೆ ಎಂದು ಅವನಿಗೇ ಆಶ್ಚರ್ಯವಾಯಿತು. ಕಲ್ಲು ಬಿಟ್ಟ.

ಜನ ಬಂದು ಇಬ್ಬರನ್ನೂ ಬೇರೆ ಮಾಡಿದರು. "ಮಯ್ಯತದ ಮುಂದ! ನಾಚಿಕಿ ಇಲ್ಲೇನು?" ಎಂದು ಮೌಲಾನಾ ಕೂಗಿದರು.

ಸಲ್ಮಾನ ಬಾಯಿಯ ರಕ್ತ ಉಗುಳಿ, ಎದ್ದು ಮತ್ತೆ ಅದೇ ಜಾಗದಲ್ಲಿ ನಿಂತ.

"ವಿಜಯಪುರದ ಡಾಕ್ಟರ್ ರಕ್ತ ನೋಡಿ ಹೇಳ್ಯಾರ್ರಿ. ನನಗೂ ಬರಬಹುದು. ಬರದನೂ ಇರಬಹುದು. ಇದು ಮುಟ್ಟಿದ್ರ ಹತ್ತೂ ರೋಗಲ್ಲ. ಅಬ್ಬಾ ಎಚ್ಚರಿದ್ದ ಹೊಡದಿಲ್ಲ, ಕುಡದೂ ಹೊಡದಿಲ್ಲ. ತಡಕೊಳ್ಳಾಕ ಆಗಿಲ್ಲ."

ಭೀಮು ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸುತ್ತಿದ್ದ. ಬಹಳ ಹೊತ್ತು ಒರೆಸಿದ.

"ಇದು ಯಾವಾಗ ಗೊತ್ತಾತು ನಿಮಗ?"

"ಎರಡ ವರ್ಷಾತ್ರಿ."

"ಎರಡ ವರ್ಷ." ಭೀಮುನ ದನಿ ಸಣ್ಣದಾಯಿತು. "ಎರಡ ವರ್ಷ ದಿನಾ 'ಇಂವ ಸಾಯಲಿ' ಅಂತ ಬೇಡಕೊಂಡು ಉಂಡೀನಿ ನಾ. ಎತ್ತು ಹೊಡಕೊಂಡು ನಿಮ್ಮ ಮನಿ ಮುಂದ ಹಾದ್ರ ಅಂವ ಒಳಗಿಂದ ನನ್ನ ಎತ್ತಿನ ಹೆಸರು ಹಿಡದು ಕರೀತಿದ್ದಾ. ನಾ ಉಗಳಿ ಹೋಗ್ತಿದ್ದೆ. ಒಬ್ಬರರೆ ಬಂದು ಹೇಳಬಾರದಾ?"

ಸಲ್ಮಾನ ಬಗ್ಗಿ ಬಿದ್ದ ಟೋಪಿ ಎತ್ತಿಕೊಂಡ.

"ಜೈನೂಗ ಮಾಫ್ ಐತಿ," ಎಂದ ಭೀಮು ಎಲ್ಲರಿಗೂ ಕೇಳುವಂತೆ. "ಅವನ ಹಂತ್ಯಾಕ ನಂದೇನೂ ಇಲ್ಲ. ಒಯ್ಯ್ರಿ. ನಿಮಗಿಲ್ಲ. ಮುಚ್ಚಿಟ್ಟವರಿಗಿಲ್ಲ."

ಕನ್ನಡಕ ಹಾಕಿಕೊಂಡು ಅವನು ನೆರಳಿಗೆ ಹೋದ. ಮನೆಗೆ ಹೋಗಲಿಲ್ಲ; ಮಣ್ಣು ಹಾಕಲು ಕಾಯುತ್ತ ಬೇವಿನ ಬೊಡ್ಡೆಗೆ ಬೆನ್ನು ಹಚ್ಚಿ ನಿಂತ.

ಅಕ್ರಮ ಖಲೀಲನ ಕಡೆ ತಿರುಗಿದ. "ಖಲೀಲಭಾಯಿ, ಹುಡುಗ ಹೇಳಿದ್ದು ಖರೇನ?"

"ಸುಳ್ಳ," ಎಂದ ಖಲೀಲ, ಅಂಗಿಯ ಮಣ್ಣು ಝಾಡಿಸುತ್ತ. "ತಂದಿ ಸತ್ತ ದುಃಖದಾಗ ಏನೇನೋ ಮಾತಾಡತಾನ. ಇದ್ದರೂ ಅವರ ಮನ್ಯಾಗ. ನನ್ನ ನೋಡ್ರಿ. ನಲವತ್ತೆರಡು ಆತು. ಏನಾಗೈತಿ ನನಗ?"

ಅಕ್ರಮ ಅವನನ್ನು ನೋಡಿದ.

"ಮೊದಲ ನಮಾಜ ಆಗ್ಲಿ," ಎಂದು ಸಾಲಿನಲ್ಲಿ ನಿಂತ.

ಸಂದು ಬಿಡದೆ ನಿಲ್ಲಿ, ಭುಜಕ್ಕೆ ಭುಜ ಹಚ್ಚಿ ಎಂದರು ಮೌಲಾನಾ. ಅಕ್ರಮನ ಎಡಕ್ಕೆ ಖಲೀಲ, ಖಲೀಲನ ಎಡಕ್ಕೆ ಸಲ್ಮಾನ ಬಂದರು. ಈ ನಮಾಜಿನಲ್ಲಿ ಬಾಗುವುದಿಲ್ಲ, ಕೂರುವುದಿಲ್ಲ. ಹೊಕ್ಕಳ ಮೇಲೆ ಕೈಯ ಮೇಲೆ ಕೈಯಿಟ್ಟು ನಿಂತೇ ಮುಗಿಸಬೇಕು. ಅಲ್ಲಾಹು ಅಕ್ಬರ್ ಎಂಬ ದನಿ ಎದ್ದಿತು. ಬಯಲು ಸ್ತಬ್ಧವಾಯಿತು.

ಎರಡನೆಯ ಸಲ ಆ ದನಿ ಬಂದಾಗ ಸಲ್ಮಾನ ತಲೆ ತಗ್ಗಿಸಿಯೇ ಇದ್ದ. ಕಣ್ಣಂಚಿನಲ್ಲಿ ಕಾಕಾನ ಕೈ ಕಂಡಿತು. ಬಲಗೈ ಎಡಗೈಯ ಮಣಿಕಟ್ಟನ್ನು ಹಿಡಿದಿತ್ತು, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ. ಅದರ ಕೆಳಗೆ ಎಡಗೈಯ ಎರಡು ಬೆರಳು ಎದ್ದವು, ಇಳಿದವು. ಮತ್ತೆ ಎದ್ದವು. ಖಲೀಲ ಇನ್ನೂ ಬಿಗಿಯಾಗಿ ಒತ್ತಿದ. ಆ ಕುಣಿತ ಬೆರಳು ಬಿಟ್ಟು ಮೇಲೆ ಸರಿದು, ಮೊಣಕೈಯ ಹತ್ತಿರ ಅಂಗಿಯನ್ನು ಅಲುಗಿಸಿತು. ಬಲಕ್ಕೆ ನಿಂತ ಅಕ್ರಮನ ತಲೆ ಒಂದಿಷ್ಟು ಈ ಕಡೆ ವಾಲಿತು.

ಸಲ್ಮಾನ ಪಾದ ಎತ್ತದೆ ಸರಿದ. ತನ್ನ ತೋಳನ್ನು ಕಾಕಾನ ತೋಳಿಗೆ ಹಚ್ಚಿ, ಭಾರ ಬಿಟ್ಟು ಒತ್ತಿ ಹಿಡಿದ. ಮೂರನೆಯ ಸಲ ದನಿ ಎದ್ದಿತು. ಅಂಗಿಯ ಅಲುಗಾಟ ನಿಲ್ಲಲಿಲ್ಲ. ಈಗ ಎರಡು ಅಂಗಿಗಳೂ ಕೂಡಿ ಅಲುಗುತ್ತಿದ್ದವು.